ಉಳಿದುಹೋದ ಹದಿನೆಂಟು

"ಸಮ ಚಿಹ್ನೆ ಎಲ್ಲಿದೆ ಇದರಲ್ಲಿ?"

ಕೆಲಸಕ್ಕೆ ಸೇರಿದ ದಿನ, ಅವನ ಫೋನ್ ಹಿಡಿದು ಅವಳು ಆಡಿದ ಮೊದಲ ಮಾತೇ ಅದು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಬಣ್ಣದ ಪುಡಿ ತೂಗುವುದು ಅವಳ ಕೆಲಸ. ಎಷ್ಟು ತೂಗಬೇಕೆಂಬ ಚೀಟಿಗೆ ಸಹಿ ಹಾಕುವುದು ಅವನದು. ವಯಸ್ಸು ಮೂವತ್ತು ದಾಟದಿದ್ದರೂ ಎಲ್ಲರ ಬಾಯಲ್ಲೂ ಅವನು 'ಮಾಸ್ಟರ್'.

"ಈ ಕ್ಯಾಲ್ಕುಲೇಟರ್ ಆ್ಯಪ್‌ನಲ್ಲಿ ಅದು ಇಲ್ಲ, ಬೇಕಾಗೋದೂ ಇಲ್ಲ," ಎಂದ ಅವನು ತಲೆ ಎತ್ತದೆ. "ಮೊದಲ ಸಂಖ್ಯೆ, ಎಂಟರ್. ಆಮೇಲೆ ಎರಡನೇದು. ಇಬ್ಬರೂ ಬಂದು ಕೂತ ಮೇಲೆ ಗುಣಿಸೋದೋ ಭಾಗಿಸೋದೋ ಹೇಳಿ."

"ನೆಂಟರನ್ನ ಕೂರಿಸೋ ಹಾಗೆ ಹೇಳ್ತೀರಲ್ಲ."

ಆಗ ತಲೆ ಎತ್ತಿದ. ನಗಲಿಲ್ಲ. ಆದರೆ ನೋಟ ಇರಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತು.

ತಿಂಗಳುಗಳು ಕಳೆದವು. ಒದ್ದೆ ನೂಲಿನ ಲಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಂಪು ಹೆಚ್ಚಾಯಿತೇ ಎಂದು ಅವನು ಅವಳನ್ನೇ ಕೇಳತೊಡಗಿದ. ಅವನ ಉಗುರು ನೋಡಿಯೇ ಅಂದು ಯಾವ ಬಣ್ಣ ಬೆಂದಿದೆಯೆಂದು ಅವಳು ಹೇಳಬಲ್ಲವಳಾದಳು. ಅದಕ್ಕೆ ಏನೆಂದು ಹೆಸರಿಡಬೇಕೋ ಇಬ್ಬರೂ ಇಡಲಿಲ್ಲ.

ಆಮೇಲೆ ಆ ಬೆಳಿಗ್ಗೆ ಬಂತು.

ಬಾಯ್ಲರ್ ಕೆಟ್ಟು ಅವನು ಅತ್ತ ಓಡುತ್ತಿದ್ದ. ಲೆಕ್ಕ ನೀವೇ ಮಾಡಿ ಎಂದು ಫೋನ್ ಅವಳ ಕೈಗಿಟ್ಟ. ಹದಿನೆಂಟು ಕಿಲೋ ನೂಲು, ಕಿಲೋಗೆ ಇಪ್ಪತ್ತೇಳು ಗ್ರಾಂ ಬಣ್ಣ. ಅವಳು ಹದಿನೆಂಟು ಒತ್ತಿ ಎಂಟರ್ ಒತ್ತಿದಳು. ಇಪ್ಪತ್ತೇಳು ಒತ್ತಿದಳು. ಶಾಲೆಯಿಂದ ಬಂದ ಅಭ್ಯಾಸ, ಕೊನೆಗೊಂದು ಗುಂಡಿ ಒತ್ತದೆ ಬೆರಳಿಗೆ ಸಮಾಧಾನವಿಲ್ಲ. ಇನ್ನೊಮ್ಮೆ ಎಂಟರ್ ಒತ್ತಿ, ಆಮೇಲೆ ಗುಣಿಸಿದಳು.

ಆ ಆ್ಯಪ್‌ನಲ್ಲಿ ಹಾಗೆ ಒತ್ತಿದರೆ ಒಂದೇ ಸಂಖ್ಯೆ ಎರಡು ಸಾಲಿನಲ್ಲಿ ಕೂರುತ್ತದೆ. ಇಪ್ಪತ್ತೇಳು ತನ್ನನ್ನೇ ತಾನು ಗುಣಿಸಿಕೊಂಡು ಏಳುನೂರ ಇಪ್ಪತ್ತೊಂಬತ್ತಾಯಿತು. ಹದಿನೆಂಟು ಮೇಲಿನ ಸಾಲಿನಲ್ಲಿ ಸುಮ್ಮನೆ ಉಳಿದುಹೋಯಿತು. ಅವಳು ಬರೆದ ಚೀಟಿಗೆ ಅವನು ಓಡುತ್ತಲೇ ಸಹಿ ಹಾಕಿದ.

ನೂಲಿನ ಬಣ್ಣ ತಿಳಿಯಾದರೆ ಮತ್ತೆ ಅದ್ದಬಹುದು. ಕಡುವಾದರೆ ಕೈ ಬಿಟ್ಟ ಹಾಗೆ. ಇದೇ ಸರಕಿನ ಮೊದಲ ಅರ್ಧ ಆಗಲೇ ಮಗ್ಗದ ಮೇಲಿತ್ತು. ಯಜಮಾನಿ ಅದರದೊಂದು ಲಡಿ, ಕಡುವಾದ ಹೊಸದೊಂದು ಲಡಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಸಹಿ ಯಾರದೆಂದು ಕೇಳಿದರು. ನನ್ನದು ಎಂದ ಅವನು.

ಅವಳು ಬಾಯಿ ತೆರೆದಳು... ಮತ್ತೆ ಮುಚ್ಚಿದಳು. ಕೆಲಸ ಕಾಯಂ ಆಗಲು ಇನ್ನು ಇಪ್ಪತ್ತಾರು ದಿನ. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ ಬಂದದ್ದು ನಾನೂರ ಎಂಬತ್ತಾರು. ಬಾಯಿ ಬಿಟ್ಟರೆ ಬಣ್ಣಗೇಡು, ತೆಪ್ಪಗಿರು ಎಂದರು ಅಮ್ಮ.

ಅವನನ್ನು ಒಣಗಿಸುವ ಕೋಣೆಗೆ ಹಾಕಿದರು. ಅಲ್ಲಿ ಅವನು ರಟ್ಟಿನ ತುಂಡಿನ ಮೇಲೆ ಪೆನ್ಸಿಲ್‌ನಿಂದ ಗುಣಿಸುವುದನ್ನು ಅವಳು ಕಂಡಳು. 'ಆ ಆ್ಯಪ್ ಕಂಡರೂ ಆಗದ ಹಾಗೆ ಮಾಡಿಬಿಟ್ಟೆ. ಇನ್ನು ನನ್ನನ್ನು ಕಂಡರೆ?' ಮಾತನಾಡಿಸಿದರೆ ಹೂಂ ಎನ್ನುತ್ತಿದ್ದ, ಅಷ್ಟೇ. ಅವನ ಉಗುರುಗಳು ಬೆಳ್ಳಗಾಗಿದ್ದವು.

ಇಪ್ಪತ್ತಾರನೆಯ ದಿನ ಯಜಮಾನಿ ಕಾಯಂ ಪತ್ರವನ್ನು ಮುಂದಿಟ್ಟರು. ಸಹಿಯ ಜಾಗ ಖಾಲಿಯಿತ್ತು. ಪೆನ್ನು ಹಿಡಿದ ಅವಳಿಗೆ ಕಂಡದ್ದು ಆ ಚೀಟಿಯ ಮೇಲಿನ ಅವನ ಸಹಿ.

ಎಲ್ಲವನ್ನೂ ಹೇಳಿದಳು. ಯಜಮಾನಿ ಬೈಯಲಿಲ್ಲ. ಇಷ್ಟು ದಿನ ಬೇಕಾಯಿತೇ ಎಂದು ಮಾತ್ರ ಕೇಳಿ, ಪತ್ರವನ್ನು ಮೇಜಿನ ಡ್ರಾಯರ್‌ಗೆ ಹಾಕಿದರು. ಇನ್ನಾರು ತಿಂಗಳು ನೋಡೋಣ, ಒಣಗಿಸುವ ಕೋಣೆಗೆ ನೀನು ಹೋಗು, ಮಾಸ್ಟರನ್ನು ಇಲ್ಲಿಗೆ ಕಳಿಸು ಎಂದರು.

ಅವನು ಲಡಿಗಳನ್ನು ಕಂಬಿಗೆ ನೇತುಹಾಕುತ್ತಿದ್ದ. ಅವಳು ನಿಂತಲ್ಲೇ ಹೇಳಿ ಮುಗಿಸಿದಳು. ಅವನು ಕೈ ಒರೆಸಿಕೊಂಡು ಫೋನ್ ತೆಗೆದು ತೋರಿಸಿದ.

ಕೆಳಗೆ 729. ಅದರ ಮೇಲೆ 18.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಸಾಕ್ಷಿಗೆ ಇಟ್ಕೊಂಡಿದ್ರಾ?"

"ಸಾಕ್ಷಿಗೆ ಆಗಿದ್ರೆ ಅವತ್ತೇ ತೋರಿಸ್ತಿದ್ದೆ. ಮೊದಲ ವಾರ ಕೋಪಕ್ಕೆ ಇಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅಳಿಸೋಕೆ ಮನಸ್ಸು ಬರಲಿಲ್ಲ. ಬೇರೆ ಲೆಕ್ಕ ಮಾಡಿದ್ರೆ ಇವು ಹೋಗ್ಬಿಡ್ತವೆ. ಅದಕ್ಕೇ ಪೆನ್ಸಿಲ್."

"ಗೊತ್ತಿದ್ದೂ ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಕೊನೇಲಿ ಎಂಟರ್ ಒತ್ತಬೇಡಿ ಅಂತ ನಾನೂ ಹೇಳಿರಲಿಲ್ಲ. ನೋಡದೆ ಸಹಿ ಹಾಕಿದ್ದೂ ನಾನೇ. ಉಳಿದದ್ದನ್ನ ನೀವೇ ಬಂದು ಹೇಳ್ಬೇಕಿತ್ತು. ಹೇಳದೇ ಇದ್ದಿದ್ರೆ, ನಾನು ಮೆಚ್ಚಿದ್ದು ಬೇರೆ ಯಾರನ್ನೋ ಅಂದ್ಕೊಂಡು ಸುಮ್ಮನಾಗ್ತಿದ್ದೆ."

ಅವಳು ಅತ್ತದ್ದು ಆಗ. ಅಳು ನಿಲ್ಲುವವರೆಗೆ ಅವನು ಮಿಕ್ಕ ಲಡಿಗಳನ್ನು ನೇತುಹಾಕಿದ. ಆಮೇಲೆ ಫೋನ್ ಅವಳ ಕೈಗಿಟ್ಟ. ಇಪ್ಪತ್ತೆರಡು ಕಿಲೋ, ಅದೇ ಬಣ್ಣ ಎಂದ.

ಇಪ್ಪತ್ತೆರಡು, ಎಂಟರ್. ಇಪ್ಪತ್ತೇಳು. ಬೆರಳು ಮತ್ತೆ ಎಂಟರ್ ಕಡೆಗೆ ಹೊರಟಿತು. ಅದನ್ನು ಹಿಂದೆಳೆದು ಗುಣಿಸಿದಳು. 594. ಹಳೆಯ ಎರಡು ಸಂಖ್ಯೆಗಳು ಒಂದೊಂದು ಸಾಲು ಮೇಲಕ್ಕೆ ಸರಿದವು.

"ಹೋಗಲಿಲ್ಲ," ಎಂದಳು.

"ಇದರಲ್ಲಿ ಇರೋದು ನಾಲ್ಕೇ ಸಾಲು. ಇನ್ನೆರಡು ಲೆಕ್ಕ ಮಾಡಿದ್ರೆ ಹೋಗ್ತವೆ."

"ಈಗಲೇ ಮಾಡ್ಲಾ?"

"ಆತುರ ಏನಿದೆ. ನಾಳೆ ಒಂದು, ನಾಡಿದ್ದು ಒಂದು. ಲೆಕ್ಕ ನಾನೇ ತರ್ತೀನಿ, ಇಲ್ಲಿಗೇ."