ಮೂರನೇ ಕ್ಯಾಮೆರಾ ಕಂಡದ್ದು

"ಇಲ್ಲ ಸರ್! ಮೂರನೇ ಕ್ಯಾಮೆರಾದ್ದು ಇಲ್ಲವೇ ಇಲ್ಲ!"

ರಿಪ್ಲೇ ಯಂತ್ರದ ಮುಂದೆ ಕೂತಿದ್ದ ಹುಡುಗ — ಗಡಿಬಿಡಿ ಎಂದೇ ಅವನ ಅಡ್ಡಹೆಸರು — ತಲೆಯ ಮೇಲೆ ಕೈ ಹೊತ್ತ. ಬೆಳಿಗ್ಗೆ ಬೆಳಿಗ್ಗೆ ಇವನದೇನು ರಗಳೆ ಎಂದುಕೊಂಡು ನಾನು ಪರದೆಗೆ ಬಗ್ಗಿದೆ. ಒಂದನೇ ಕ್ಯಾಮೆರಾ — ಇದೆ. ಎರಡನೆಯದು — ಇದೆ. ಮೂರರಲ್ಲಿ ಆಟದ ಮುಕ್ಕಾಲು ಭಾಗ ಇದೆ. ಕೊನೆಯ ಕಾಲು ಭಾಗ? ಖಾಲಿ.

"ರೆಕಾರ್ಡೇ ಆಗ್ಲಿಲ್ವೇನೋ?"

"ಆಗಿತ್ತು ಸರ್. ನಿನ್ನೆ ಮ್ಯಾಚ್ ಮುಗಿದ ಮೇಲೆ ತುಣುಕು ಇದೆ ಅಂತ ನಾನೇ ಪಟ್ಟೀಲಿ ನೋಡ್ಕೊಂಡು ಎದ್ದಿದ್ದು. ಯಾರೋ ಅಳಿಸಿದಾರೆ!"

"ವಾಪಸ್ ತೆಗೆಯೋಕೆ ಬರಲ್ವಾ?"

"ಈ ಯಂತ್ರದಲ್ಲಿ ಹೋದದ್ದು ಹೋಯ್ತು ಸರ್."

ಬೇರೆ ಯಾವ ತುಣುಕು ಹೋಗಿದ್ದರೂ ಬೈದು ಸುಮ್ಮನಾಗುತ್ತಿದ್ದೆ. ಹೋಗಬಾರದ ತುಣುಕೇ ಹೋಗಿತ್ತು.

ಆಟಗಳ ನೇರಪ್ರಸಾರ ಮಾಡುವುದನ್ನು ಕಲಿಸುವ ತರಗತಿ ನಮ್ಮದು. ಕಾಲೇಜಿನ ಪಂದ್ಯಗಳನ್ನು ಹುಡುಗ ಹುಡುಗಿಯರೇ ಚಿತ್ರಿಸಿ ಊರಿನ ಟಿ.ವಿ. ವಾಹಿನಿಗೆ ಕಳಿಸುತ್ತಾರೆ. ಕಂಟ್ರೋಲ್ ರೂಮ್ ಅಂದರೆ ದೊಡ್ಡ ಕಲ್ಪನೆ ಬೇಡ — ಒಳಾಂಗಣ ಕ್ರೀಡಾಂಗಣದ ಪಕ್ಕದ ಹಳೆಯ ಉಗ್ರಾಣ, ಗೋಡೆಯ ತುಂಬ ಮಾನಿಟರುಗಳು, ಕಾಲಿಗೆ ತೊಡರುವ ವೈರುಗಳು, ಯಾವಾಗಲೂ ಕೆಟ್ಟಿರುವ ಒಂದು ಎ.ಸಿ. ನಾನು ಅಲ್ಲಿ ಧ್ವನಿ ಪಾಠ ಹೇಳುವವನು. ನನ್ನ ಮೇಲಿನವರು ದೊಡ್ಡಮ್ಮ. ಅರ್ಧ ಜನ್ಮ ಟಿ.ವಿ.ಯಲ್ಲಿ ಆಟಗಳನ್ನು ನಿರ್ದೇಶಿಸಿ ಬಂದವರು. ಯಾವ ವಿದ್ಯಾರ್ಥಿ ಮೊದಲು ಹಾಗೆ ಕರೆದನೋ, ಈಗ ಪ್ರಿನ್ಸಿಪಾಲರೂ ಹಾಗೇ ಕರೆಯುತ್ತಾರೆ.

ಹಿಂದಿನ ದಿನ ಹುಡುಗಿಯರ ಬಾಸ್ಕೆಟ್‌ಬಾಲ್ ಸೆಮಿಫೈನಲ್. ಗೆದ್ದೆವು. ಆದರೆ ಆಟದ ಕೊನೆಯ ಕಾಲು ಭಾಗದಲ್ಲಿ ಎದುರು ತಂಡದ ನಾಯಕಿ ಮೂಗು ಒಡೆದುಕೊಂಡು ಬಿದ್ದಳು. ರೆಫರಿಯ ಬೆನ್ನು ಆ ಕಡೆ ಇತ್ತು. ನಮ್ಮ ಹುಡುಗಿ ಬೇಕೆಂದೇ ಮೊಣಕೈಯಿಂದ ಗುದ್ದಿದಳು ಎಂದು ಅವರು ದೂರು ಕೊಟ್ಟರು. ಟೂರ್ನಿಯ ಸಮಿತಿ ರಾತ್ರಿ ಒಂದೇ ಮಾತು ಹೇಳಿತು: ನಾಳೆ ಮಧ್ಯಾಹ್ನದೊಳಗೆ ಹತ್ತಿರದ ದೃಶ್ಯ ತನ್ನಿ, ಇಲ್ಲವಾದರೆ ಸಂಜೆಯ ಫೈನಲ್‌ನಿಂದ ಅವಳು ಹೊರಗೆ. ಅವಳದು ಕೊನೆಯ ವರ್ಷ. ಈ ಫೈನಲ್ ತಪ್ಪಿದರೆ ಇನ್ನೊಂದಿಲ್ಲ, ಮೇಲೆ ಹೊಡೆದವಳು ಎಂಬ ಹೆಸರು ಬೇರೆ.

ಆ ಹುಡುಗಿಯನ್ನು ನಾವೆಲ್ಲ ತಂಗಿ ಎನ್ನುತ್ತೇವೆ. ಏಕೆಂದರೆ ನಮ್ಮ ತರಗತಿಯ ಅತ್ಯುತ್ತಮ ವಿದ್ಯಾರ್ಥಿನಿ, ನಿನ್ನೆ ನಿರ್ದೇಶಕಿಯ ಕುರ್ಚಿಯಲ್ಲಿ ಕೂತಿದ್ದವಳು, ಅವಳ ಸ್ವಂತ ಅಕ್ಕ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಕೋಚ್ ಧಡಧಡನೆ ಒಳಗೆ ನುಗ್ಗಿದರು.

"ನಮ್ಮ ಮನೇಲೇ ಕಳ್ಳತನಾನಾ? ಸಮಿತಿಯವರೇನು ತಿಳ್ಕೋತಾರೆ ಗೊತ್ತಾ — ತಪ್ಪು ಮುಚ್ಚೋಕೆ ಅಳಿಸಿದಾರೆ ಅಂತಾರೆ! ಒಂದನೇ ಕ್ಯಾಮೆರಾದ್ದು ನೋಡಿದೆ, ಅದ್ರಲ್ಲಿ ಎಲ್ಲಾ ಇರುವೆ ಥರ ಕಾಣ್ತಾರೆ. ಏನು ಪ್ರಯೋಜನ?"

"ಕೂತ್ಕೊಳ್ಳಪ್ಪ," ಎಂದರು ದೊಡ್ಡಮ್ಮ. ಅವರು ಯಾವಾಗ ಬಂದರೋ ನಾನೇ ನೋಡಿರಲಿಲ್ಲ. "ಕೂಗಾಡಿದ್ರೆ ಸಿಗುತ್ತಾ? ಈ ರೂಮಿನ ಬೀಗದ ಕೈ ಎಲ್ಲಿರುತ್ತೆ?"

"ಹೊರಗೆ ಮೊಳೆಗೆ," ಎಂದೆ. "ಯಾರು ಬೇಕಾದ್ರೂ ತೆಗೀಬಹುದು."

"ಹಾಗಾದ್ರೆ ಬೀಗ ಬಿಡು. ಒಬ್ಬೊಬ್ಬರನ್ನೇ ಕರಿ."

ಮೊದಲು ಗಡಿಬಿಡಿ. ಎರಡು ವಾರದ ಹಿಂದೆ ಎಲ್ಲರ ಮುಂದೆ ಅಕ್ಕನಿಂದ ಬೈಸಿಕೊಂಡಿದ್ದ. ನಿರ್ದೇಶಕನ ಕುರ್ಚಿಯ ಮೇಲೆ ಅವನಿಗೂ ಕಣ್ಣಿತ್ತು. ಸುಳ್ಳೇಕೆ, ನನ್ನ ಅನುಮಾನ ಅವನ ಮೇಲೇ.

"ನಿಂಗೂ ಅಕ್ಕಂಗೂ ಆಗಲ್ವಂತೆ?"

"ಆಗಲ್ಲ ಅಂತ ಅವಳ ತಂಗಿ ಬಾಳು ಹಾಳ್ಮಾಡ್ತೀನಾ ದೊಡ್ಡಮ್ಮ? ಅಷ್ಟು ಕೆಟ್ಟೋನಾ ನಾನು?"

"ಆ ತುಣುಕು ನೋಡಿದ್ಯಾ?"

"ಇಲ್ಲ. ಗುರುತು ಹಾಕಿ ರೆಡಿ ಅಂದೆ ಅಷ್ಟೇ. ಪ್ಲೇ ಮಾಡು ಅಂತ ಅಕ್ಕ ಹೇಳ್ಲೇ ಇಲ್ಲ."

ಆಮೇಲೆ ಗುಂಡ. ಅಂಕಣದ ತುದಿಯಲ್ಲಿ, ಬುಟ್ಟಿಯ ಹಿಂದೆ, ಉದ್ದನೆಯ ಲೆನ್ಸಿನ ಮೂರನೇ ಕ್ಯಾಮೆರಾ ಹಿಡಿದಿದ್ದವನು. ಯಾವಾಗಲೂ ಹಲ್ಲು ಕಿರಿಯುವ ಹುಡುಗ ಅವತ್ತು ಅಂಗಿಯ ಗುಂಡಿ ತಿರುಚುತ್ತ ನಿಂತಿದ್ದ.

"ನಿನ್ನ ಕ್ಯಾಮೆರಾದಲ್ಲಿ ಬಿತ್ತೇನೋ ಅದು?"

"...ಬಿತ್ತು. ಫ್ರೇಮ್ ತುಂಬಾ."

"ಏನು ಕಂಡೆ?"

"ಅದನ್ನ ಕೇಳ್ಬೇಡಿ ದೊಡ್ಡಮ್ಮ."

"ಕೇಳ್ತಿದೀನಿ."

ಗುಂಡ ಕಣ್ಣು ತಪ್ಪಿಸಿದ. "ತಂಗಿ ಮೊಣಕೈ ಬೀಸಿದ್ಲು. ಆ ಹುಡುಗಿ ಮುಖ ಹಿಂದಕ್ಕೆ ಹೋಯ್ತು. ಆದ್ರೆ ನಾನು ಅಳಿಸ್ಲಿಲ್ಲ, ನನ್ನ ತಾಯಾಣೆ. ಸಿಗದೇ ಇದ್ರೆ ಒಳ್ಳೇದು ಅಂತ ಮನಸ್ಸಲ್ಲಿ ಅಂದ್ಕೊಂಡಿದ್ದು ನಿಜ."

ಕೋಚ್ ಮುಖ ಮುಚ್ಚಿಕೊಂಡರು. ಹಾಗಾದರೆ ಹುಡುಗಿ ಗುದ್ದಿದ್ದು ನಿಜವೇ? ನಮ್ಮೆಲ್ಲರ ಮೋರೆ ಇಳಿದುಹೋಯಿತು.

ಕೊನೆಗೆ ಅಕ್ಕ ಬಂದಳು. ಕಣ್ಣು ಕೆಂಪಗೆ ಊದಿತ್ತು. ಪಾಪ, ಯಾರಿಗೆ ತಾನೇ ನಿದ್ದೆ ಬರುತ್ತೆ ಎಂದು ನಾನು ಕುರ್ಚಿ ಎಳೆದು ಕೊಟ್ಟೆ.

"ಆ ಹೊತ್ತಲ್ಲಿ ಏನು ನೋಡಿದೆಯಮ್ಮ?" ದೊಡ್ಡಮ್ಮನ ದನಿ ಮೆತ್ತಗಿತ್ತು.

"ನಾನು ನೋಡ್ಲಿಲ್ಲ. ಒಂದನೇ ಮಾನಿಟರ್ ಮೇಲೆ ಕಣ್ಣಿತ್ತು. ವಿಷಲ್ ಆದ ಮೇಲೇ ಗೊತ್ತಾಗಿದ್ದು."

"ರಿಪ್ಲೇ ಯಾಕೆ ಕೇಳ್ಲಿಲ್ಲ?"

"ರಕ್ತ ಬರ್ತಿತ್ತಲ್ಲ... ಮತ್ತೆ ಮತ್ತೆ ತೋರ್ಸೋದು ಸರಿಯಲ್ಲ ಅನ್ನಿಸ್ತು. ಎರಡನೇ ಕ್ಯಾಮೆರಾಕ್ಕೆ ಹೋಗಿ ಪ್ರೇಕ್ಷಕರನ್ನ ತೋರ್ಸಿದೆ."

ಒಪ್ಪುವಂಥ ಉತ್ತರ. ನಾವೇ ಕಲಿಸಿದ ಉತ್ತರ ಕೂಡ.

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ನಿನ್ನ ಟೇಪು ಹಾಕಯ್ಯ."

ಇದು ನಮ್ಮ ತರಗತಿಯ ಒಂದು ಪದ್ಧತಿ. ಪ್ರಸಾರದ ಹೊತ್ತಿನಲ್ಲಿ ನಿರ್ದೇಶಕರು, ಕ್ಯಾಮೆರಾದವರು, ರಿಪ್ಲೇಯವರು ಹೆಡ್‌ಫೋನಿನಲ್ಲಿ ಮಾತಾಡಿಕೊಳ್ಳುವುದು ಮನೆಯಲ್ಲಿ ನೋಡುವವರಿಗೆ ಕೇಳಿಸದು. ಅದನ್ನು ನಾನು ಬೇರೆಯಾಗಿ ಧ್ವನಿಮುದ್ರಿಸಿ, ಮರುದಿನ ಕೇಳಿಸಿ, ಅವರವರ ಎಡವಟ್ಟುಗಳನ್ನು ಅವರ ಕಿವಿಗೇ ಹಾಕುತ್ತೇನೆ. ನಿನ್ನೆಯದನ್ನು ರಾತ್ರಿಯೇ ಒಮ್ಮೆ ಕೇಳಿದ್ದೆ. ಅದರಲ್ಲಿ ಏನೂ ಇಲ್ಲ ಎಂದು ಬಾಜಿ ಕಟ್ಟುತ್ತಿದ್ದೆ.

ಅಕ್ಕನ ದನಿ ಸ್ಪೀಕರಿನಲ್ಲಿ ಬಂತು. ಚುರುಕು, ನಿಖರ. *"ಒಂದು, ಅಗಲ ಬಿಡು. ಎರಡು, ಬೆಂಚು ಹುಡುಕು. ಮೂರು, ಅಲುಗಾಡಬೇಡ, ನಿಂಗೇ ಬರ್ತಿದೀನಿ..."* ವಿಷಲ್. ಗಡಿಬಿಡಿಯ ದನಿ: *"ಮೂರು ರೆಡಿ ಅಕ್ಕಾ."* ಮೌನ. ಆಮೇಲೆ, ಸ್ವಲ್ಪ ಒಣಗಿದ ದನಿಯಲ್ಲಿ: *"ಎರಡು. ಪ್ರೇಕ್ಷಕರು."*

"ಅಷ್ಟೇ," ಎಂದೆ ನಾನು. "ಅವಳು ಹೇಳಿದ ಹಾಗೇ ಇದೆಯಲ್ಲ?"

"ಇನ್ನೊಂದು ಸಲ."

ಮತ್ತೆ ಹಾಕಿದೆ. ನನ್ನ ಮೂಢ ಕಿವಿಗೆ ಆಗಲೂ ಏನೂ ಹೊಳೆಯಲಿಲ್ಲ. ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅಕ್ಕ ನೆಲ ನೋಡುತ್ತಿದ್ದಳು.

"'ನಿಂಗೇ ಬರ್ತಿದೀನಿ' — ಈ ಮಾತನ್ನ ಒಂದು ಪಂದ್ಯದಲ್ಲಿ ನೂರಾರು ಸಲ ಹೇಳ್ತೀವಿ. ಅದಕ್ಕೇ ನಮ್ಮ ಕಿವಿಗೆ ಅದು ಬೀಳೋದೇ ಇಲ್ಲ. ಆದ್ರೆ ಯಾವಾಗ ಹೇಳ್ತೀವಿ? ಮುಂದಿನ ದೃಶ್ಯ ಆ ಕ್ಯಾಮೆರಾದ್ದು ಅಂತ ತೀರ್ಮಾನ ಮಾಡಿ, ಅದರ ಮಾನಿಟರನ್ನೇ ನೋಡ್ತಾ ಹೇಳ್ತೀವಿ. ಇವಳ ಮಟ್ಟದ ನಿರ್ದೇಶಕಿ ನೋಡದೆ ಹೇಳೋಳಲ್ಲ. ವಿಷಲ್ ಆದಾಗ ಇವಳ ಕಣ್ಣು ಒಂದರ ಮೇಲಿರ್ಲಿಲ್ಲ. ಮೂರರ ಮೇಲಿತ್ತು."

ಅಯ್ಯೋ ಎಂದಿತು ನನ್ನ ಜೀವ.

"ಬರ್ತೀನಿ ಅಂದೋಳು ಬರ್ಲಿಲ್ಲ," ದೊಡ್ಡಮ್ಮ ಮುಂದುವರಿಸಿದರು. "ಏನಾಯ್ತು ಅಂತ ಗೊತ್ತಿಲ್ಲದ ಅಕ್ಕ ಆಗಿದ್ರೆ, ಮೊದಲು ತೋರ್ಸು ತೋರ್ಸು ಅಂತ ಚಡಪಡಿಸ್ತಿದ್ಲು. ಇವಳು ಕೇಳ್ಲಿಲ್ಲ, ಯಾಕಂದ್ರೆ ಆಗ್ಲೇ ನೋಡಿ ಆಗಿತ್ತು. ಅಳಿಸಿದ್ದು ಯಾವಾಗಮ್ಮ?"

ಅಕ್ಕ ಮುಖ ಒರೆಸಿಕೊಂಡಳು. ಆಮೇಲೆ:

"ಎಲ್ಲರೂ ವೈರ್ ಸುತ್ತೋಕೆ ಹೋದಾಗ. ಹತ್ತು ಸಲ ನೋಡಿದೆ ದೊಡ್ಡಮ್ಮ. ಹತ್ತು ಸಲಾನೂ ಹೊಡೀತಾನೇ ಇದ್ಲು. ಸಮಿತಿಯವರು ನೋಡಿದ್ರೆ ಫೈನಲ್ ಮಾತ್ರ ಅಲ್ಲ, ಅವಳ ಹೆಸರೇ ಹೋಗ್ತಿತ್ತು. ಸಾಕ್ಷಿ ಇಲ್ದಿದ್ರೆ ಬಿಟ್ಬಿಡ್ತಾರೆ ಅಂದ್ಕೊಂಡೆ. ದೃಶ್ಯ ಸಿಗದಿದ್ರೇ ಹೊರಗೆ ಅಂತಾರೆ ಅಂತ ಆಗ ಗೊತ್ತಿರ್ಲಿಲ್ಲ..."

ಗಡಿಬಿಡಿ ಎದ್ದು ಬಾಗಿಲ ಕಡೆ ಮುಖ ಮಾಡಿ ನಿಂತ. ತನ್ನ ಮೇಲಿನ ಅನುಮಾನ ಹೋಯಿತೆಂದು ಅವನಿಗೆ ಖುಷಿಯಾದಂತೆ ಕಾಣಲಿಲ್ಲ.

"ಹೋದ ತಿಂಗಳು ಜೂನಿಯರ್‌ಗಳಿಗೆ ಪಾಠ ಮಾಡ್ದೆಯಲ್ಲ," ದೊಡ್ಡಮ್ಮ ಕೇಳಿದರು. "ಕಾರಿಡಾರಿನಲ್ಲಿ ಎರಡು ಕುರ್ಚಿ ಇಟ್ಟು, ಆ ತುದಿಯಿಂದ ಉದ್ದ ಲೆನ್ಸಲ್ಲಿ ತೋರ್ಸಿದೆ. ಏನು ಹೇಳ್ದೆ?"

"ಉದ್ದ ಲೆನ್ಸು ದೂರಾನ ನುಂಗುತ್ತೆ... ಹಿಂದೆ ಮುಂದೆ ಇರೋದೆಲ್ಲ ಅಂಟ್ಕೊಂಡ ಹಾಗೆ ಕಾಣುತ್ತೆ..."

ಹೇಳುತ್ತ ಹೇಳುತ್ತ ಅವಳ ಮುಖ ಬಿಳುಚಿಕೊಂಡಿತು.

"ಗಡಿಬಿಡಿ, ಒಂದನೇ ಕ್ಯಾಮೆರಾ ಹಾಕು. ಆ ಹುಡುಗಿಯರಷ್ಟನ್ನೇ ದೊಡ್ಡದು ಮಾಡು. ಮಸುಕಾದ್ರೂ ಪರವಾಗಿಲ್ಲ."

ಒಂದನೇ ಕ್ಯಾಮೆರಾ ಇದ್ದದ್ದು ಮೇಲೆ, ಬಾಲ್ಕನಿಯಲ್ಲಿ, ಅಂಕಣದ ಮಗ್ಗುಲಿಗೆ. ಇರುವೆಗಳು ಮೆಲ್ಲಗೆ ಹುಡುಗಿಯರಾದವು. ತಂಗಿ ಚೆಂಡು ಹಿಡಿದು ತಿರುಗುತ್ತಾಳೆ. ಮೊಣಕೈ ಬೀಸುತ್ತದೆ. ಮೊಣಕೈಗೂ ಆ ಹುಡುಗಿಯ ಮುಖಕ್ಕೂ ನಡುವೆ — ಹೊಳೆಯುವ ಮರದ ನೆಲ. ಒಂದು ದೊಡ್ಡ ಹೆಜ್ಜೆಯಷ್ಟು ನೆಲ! ನಾಯಕಿ ಹಿಂದಕ್ಕೆ ಸರಿಯುತ್ತಾಳೆ, ತಿರುಗುತ್ತಾಳೆ, ಓಡಿಬರುತ್ತಿದ್ದ ತನ್ನದೇ ತಂಡದ ಹುಡುಗಿಯ ಭುಜಕ್ಕೆ ಮೂಗು ಬಡಿಸಿಕೊಳ್ಳುತ್ತಾಳೆ.

"ಹೊಡೆದೇ ಇಲ್ಲ!" ಕೋಚ್ ಕೂಗಿದರು. "ಅಯ್ಯೋ ದೇವರೇ, ಹೊಡೆದೇ ಇಲ್ಲ!" ಯಂತ್ರದಿಂದ ಪ್ರತಿ ತೆಗೆಯುವಷ್ಟೂ ತಾಳ್ಮೆ ಇಲ್ಲದೆ ಗಡಿಬಿಡಿಯ ಭುಜ ಹಿಡಿದು ಅಲುಗಾಡಿಸಿದರು.

ಹೊಡೆದಂತೆ ತೋರಿದ ಆ ಲೆನ್ಸಿನ ಮೋಸವನ್ನೇ ಗುಂಡನೂ ಕಂಡಿದ್ದ, ಅವನದು ಹೊಸ ಕಣ್ಣು. ಅಕ್ಕ ಹಾಗಲ್ಲ. ಲೆನ್ಸಿನ ಸುಳ್ಳು ಅವಳಿಗೆ ಬಾಯಿಪಾಠ. ಬೇರೆ ಯಾರ ತಂಗಿಯಾಗಿದ್ದರೂ ಕೂಡಲೇ ಒಂದನೇ ಕ್ಯಾಮೆರಾದ್ದನ್ನು ತೋರಿಸು ಎನ್ನುತ್ತಿದ್ದಳು. ತನ್ನವಳಾದದ್ದಕ್ಕೇ ಹೆದರಿದಳು, ಹೆದರಿದ್ದಕ್ಕೇ ನಂಬಿಬಿಟ್ಟಳು.

ಸಮಿತಿಯ ಮುಂದೆ ಅಕ್ಕನೇ ನಿಂತು ಹೇಳಿದಳು. ಅಳಿಸಿದ್ದು ನಾನು, ತಂಡಕ್ಕೆ ಗೊತ್ತಿರಲಿಲ್ಲ ಎಂದಳು. ಅವರು ದೃಶ್ಯ ನೋಡಿದರು, ತಂಗಿಗೆ ಆಡಲು ಅಪ್ಪಣೆ ಕೊಟ್ಟರು. ಅಕ್ಕನನ್ನು ನಿರ್ದೇಶಕಿಯ ಕುರ್ಚಿಯಿಂದ ಇಳಿಸಿದ್ದು ದೊಡ್ಡಮ್ಮ. ಅಂಥ ಕೈ, ಅಂಥ ಕಣ್ಣಿನ ಹುಡುಗಿಯನ್ನು ನಾನು ಮತ್ತೆ ಕಂಡಿಲ್ಲ. ಅವಳನ್ನು ಹಿಡಿದುಕೊಟ್ಟದ್ದು ನನ್ನ ಟೇಪೇ ಆಯಿತಲ್ಲ ಎಂಬ ಸಂಕಟ ನನಗಿನ್ನೂ ಹೋಗಿಲ್ಲ.

ಸಂಜೆ ಮೈಕ್ ಸರಿಪಡಿಸಲು ನಾನು ಅಂಕಣದ ಬದಿಯಲ್ಲಿ ಕೂತಿದ್ದೆ. ಆಟಗಾರ್ತಿಯರ ಕೋಣೆಯ ಹೊರಗೆ ಬೆಂಚಿನ ಮೇಲೆ ತಂಗಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಅಕ್ಕ ಎದುರು ನಿಂತಿದ್ದಳು. ಎದ್ದು ಹೋಗೋಣವೆಂದರೆ ಕೈಯಲ್ಲಿ ಬಿಚ್ಚಿದ ವೈರು.

"ಕ್ಷಮಿಸೇ. ನಿಂಗೋಸ್ಕರ ಅಂತಾನೇ..."

"ಗೊತ್ತು." ತಂಗಿ ತಲೆ ಎತ್ತಲಿಲ್ಲ. "ಅವರು ಹೊಡೆದ್ಲು ಅಂದ್ರು. ಅವರು ಎದುರು ತಂಡ, ಅನ್ಲಿ ಬಿಡು. ನಿನ್ನೆ ರಾತ್ರಿ ಒಂದೇ ಕೋಣೇಲಿ ಮಲಗಿದ್ವಲ್ಲ ಅಕ್ಕಾ. ನಾನೂ ಎದ್ದೇ ಇದ್ದೆ, ನೀನೂ ಎದ್ದೇ ಇದ್ದೆ. ಹೊಡೆದ್ಯೇನೇ ಅಂತ ಒಂದು ಮಾತು ಕೇಳೋಕೆ ಆಗ್ಲಿಲ್ವಾ?"

ಅಂಕಣದ ಸುತ್ತ ಜನ ಚಪ್ಪಾಳೆ ತಟ್ಟಲು ಶುರುಮಾಡಿದ್ದರು. ಕೋಚ್ ತಂಗಿಯನ್ನು ಕರೆದರು.

"ಹೂಂ ಅಂದ್ಬಿಡ್ತೀಯೇನೋ ಅಂತ ಭಯ ಆಯ್ತು," ಎಂದಳು ಅಕ್ಕ.

ತಂಗಿ ಅವಳನ್ನು ಒಂದು ಕ್ಷಣ ನೋಡಿದಳು. ಆಮೇಲೆ ಎದ್ದು, ಅಕ್ಕನ ಪಕ್ಕದಿಂದಲೇ ಹಾದು, ಆಡಲು ಹೋದಳು.