ಹದಿನೇಳನೇ ಬಾಯಿ

"ಇನ್ನೊಂಚೂರು ಬಾಯಿ ತೆಗೀರಿ ಮೇಡಂ."

ಸುಕನ್ಯಾ ತೆಗೆದಳು. ಹಲ್ಲಿಗೆ ಹಚ್ಚಿದ ಕೆಂಪು ಬಣ್ಣ ಪಾಚಿ ಇದ್ದಲ್ಲೆಲ್ಲ ಕಚ್ಚಿಕೊಂಡಿತ್ತು. ಡಾಕ್ಟರ್ ಕ್ರಾಂತಿಕುಮಾರ್ ಪುಟ್ಟ ಕನ್ನಡಿ ಹಿಡಿದು, ಒಂದೊಂದೇ ಹಲ್ಲು ನೋಡಿ ಅಂಕಿ ಬರೆದುಕೊಂಡ. ಮಾಸ್ಕಿನ ಮೇಲೆ ಅವನ ಕಣ್ಣಷ್ಟೇ ಕಾಣುತ್ತಿದ್ದವು. ಎಷ್ಟು ಉದ್ದದ ರೆಪ್ಪೆಗಳು! ಮರುಗಳಿಗೆಯೇ ಆ ಕಣ್ಣು ನೋಡುತ್ತಿರುವುದು ತನ್ನ ಹಲ್ಲಿನ ಕೊಳೆಯನ್ನು ಅಂತ ನೆನಪಾಗಿ ಅವಳ ಕಿವಿ ಬಿಸಿಯಾದವು.

"ಬಾಳ ಐತೇನ್ರಿ?"

"ಎಲ್ಲರಿಗೂ ಇರ್ತೈತಿ. ಅದಕ್ಕೇ ಅಲ್ವಾ ಈ ಸ್ಟಡಿ?"

ಹರಪನಹಳ್ಳಿಯ ಕ್ರಾಂತಿ ಹಲ್ಲಿನ ಡಾಕ್ಟರಿಕೆಯಲ್ಲಿ ಪಿಜಿ ಮಾಡುತ್ತಿದ್ದ. ಪಾಚಿ ತಡೆಯಲು ಎರಡು ಮೌತ್‌ವಾಶ್‌ಗಳಲ್ಲಿ ಯಾವುದು ಮೇಲು ಅಂತ ಹೂವಿನಹಡಗಲಿಯ ಒಂದು ಕ್ಲಿನಿಕ್ಕಿನಲ್ಲಿ ನಲವತ್ತು ಜನರನ್ನು ಪರೀಕ್ಷಿಸುವುದು ಅವನ ಥೀಸಿಸ್. ಯಾರಿಗೆ ಯಾವ ಬಾಟಲಿ ಅಂತ ಅವನಿಗೂ ತಿಳಿಯಬಾರದು. ಹಂಚುವುದು ನರ್ಸ್ ಕೊಟ್ರಮ್ಮನ ಕೆಲಸ. ಇಟ್ಟಿಗಿ ಹೈಸ್ಕೂಲಿನ ಟೀಚರ್ ಸುಕನ್ಯಾ ಹದಿನೇಳನೆಯವಳು.

"ಮೂರು ವಾರ, ದಿನಕ್ಕೆರಡು ಸಲ ಮುಕ್ಕಳಿಸಿ. ಪ್ರತಿ ಭಾನುವಾರ ಬಂದು ತೋರಿಸಿ. ಹಲ್ಲು ದಿನಾ ಹೆಂಗ ಉಜ್ತೀರೋ ಹಂಗೇ ಉಜ್ಜಿ. ಬೇರೆ ಏನೂ ಮಾಡಬೇಡಿ," ಅಂದ ಕ್ರಾಂತಿ.

ಆ ಔಷಧ ಮುಕ್ಕಳಿಸಿ ವಾರದೊಳಗೆ ಅವಳ ನಾಲಿಗೆಗೆ ಸಾರಿನ ಉಪ್ಪು ತಿಳಿಯದಾಯಿತು. ಹತ್ತನೇ ದಿನ ಮುಂದಿನ ಹಲ್ಲುಗಳ ಅಂಚು ಕಂದು ಬಣ್ಣಕ್ಕೆ ತಿರುಗಿತು.

"ಎಲಿ-ಅಡಿಕಿ ಹಾಕಾಕ ಹತ್ತೀಯೇನ?" ಅಂದಳು ತಾಯಿ ನಾಗಲಿಂಗಮ್ಮ.

ಅವತ್ತೇ ಸುಕನ್ಯಾ ಔಷಧವನ್ನು ಬಚ್ಚಲಿಗೆ ಸುರಿದಳು. ಭಾನುವಾರ ತಪಾಸಣೆಗೆ ಹೊರಡುವ ಮುಂಚೆ ಉಪ್ಪು ಹಾಕಿ, ಒಸಡು ಉರಿಯುವ ತನಕ ಹಲ್ಲು ತಿಕ್ಕಿದಳು.

"ಹದಿನೇಳನೇ ನಂಬರ್, ನಿಮ್ಮವೇ ಎಲ್ಲರಿಗಿಂತ ಕ್ಲೀನ್," ಅಂದ ಕ್ರಾಂತಿ. ಅವನ ಕಣ್ಣು ನಕ್ಕವು. ಒಂದು ಕ್ಷಣ ಹೆಚ್ಚೇ ಅವಳ ಮೇಲೆ ನಿಂತವು.

ಹೇಳಿಬಿಡಬೇಕು ಅಂದುಕೊಂಡಳು. "ಥ್ಯಾಂಕ್ಸ್ ರಿ" ಅಂದು ಎದ್ದು ಬಂದಳು.

ಬುಧವಾರ ಟೆಸ್ಟ್‌ನಲ್ಲಿ ಕಾಪಿ ಮಾಡಿದ ಹುಡುಗಿಯೊಬ್ಬಳ ಕೈಯಿಂದ ಚೀಟಿ ಕಿತ್ತುಕೊಂಡಳು. ಬೈಯಲು ಬಾಯಿ ತೆರೆದವಳು ಬೆನ್ನು ತಿರುಗಿಸಿ ಬೋರ್ಡಿನ ಮುಂದೆ ನಿಂತಳು. ನಂಬಿ ಬರೆದುಕೊಂಡವನಿಗೆ ನಾನು ಮಾಡಿದ್ದೇನು? ತನ್ನ ಮುಖ ತನಗೇ ಬೇಡವಾಯಿತು.

ಕೊನೆಯ ಭಾನುವಾರ ಕುರ್ಚಿಯಲ್ಲಿ ಕೂರಲಿಲ್ಲ.

"ಡಾಕ್ಟ್ರೇ, ನಾ ಮೋಸ ಮಾಡೀನ್ರಿ. ಹತ್ತು ದಿನಕ್ಕ ನಿಮ್ಮ ಔಷಧ ಬಿಟ್ಟೀನಿ. ಹಲ್ಲು ಕಂದಾಗಿದ್ವು. ಹಂಗ ನಿಮ್ಮ ಮುಂದ ಬಂದು ಕೂರಾಕ ನಾಚಿಕಿ ಆತ್ರಿ."

ಕ್ರಾಂತಿ ಮಾಸ್ಕ್ ತೆಗೆದ. ಅವನ ಮುಖವೂ ಕೆಂಪಾಗಿತ್ತು.

"ನಂಗೆ ಅನುಮಾನ ಇತ್ತು. ಹೋದ ವಾರ ನಿಮ್ಮ ಒಸಡಿನಾಗೆ ತಿಕ್ಕಿದ ಗಾಯ ನೋಡಿದ್ದೆ. ಅಲ್ಲೇ ಕೇಳಿ, ಸ್ಟಡಿಯಿಂದ ಹೆಸರು ತೆಗೀಬೇಕಿತ್ತು. ಅದು ಬಿಟ್ಟು ಹೊಗಳಿ ಕಳಿಸಿದೆ."

"ಯಾಕ್ರಿ?"

"ತೆಗೆದಿದ್ರೆ ಇವತ್ತು ನೀವು ಬರ್ತಿರಲಿಲ್ಲವಲ್ಲ." ಅವನು ನೆಲ ನೋಡುತ್ತ ಅಂದ. "ನಿಮಗಿಂತ ನಂದೇ ದೊಡ್ಡ ತಪ್ಪು. ನಾನು ಡಾಕ್ಟರ್."

ಇಬ್ಬರಿಗೂ ತಲೆ ಎತ್ತಲಾಗಲಿಲ್ಲ. ಅವನು ಫೈಲು ತೆರೆದು, ಹದಿನೇಳನೇ ಸಾಲಿಗೆ ಅಡ್ಡಗೆರೆ ಎಳೆದು, ಕಾರಣ ಬರೆದು ಸಹಿ ಹಾಕಿದ.

"ನಿಮ್ಮ ಥೀಸಿಸ್‌ಗೆ ತೊಂದ್ರಿ ಆಗ್ತೈತೇನ್ರಿ?"

"ಗೈಡ್ ಕಡೆ ಬೈಗಳ ತಿಂತೀನಿ. ನಂದೂ ತಪ್ಪು ಒಪ್ಕೊತೀನಿ. ಮೂವತ್ತೊಂಬತ್ತು ಬಾಯಿ ಉಳಿದಾವಲ್ಲ."

ಅಳು ಬರುತ್ತಿದ್ದವಳಿಗೆ ನಗು ಬಂತು.

"ಹಂಗಾರ ನಾ ಇನ್ನ ಬರೋದು ಬ್ಯಾಡಲ್ರಿ."

"ಹಲ್ಲು ತೋರಿಸೋಕೆ ಬೇಡ," ಅಂದ. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

ಬಾಗಿಲ ತನಕ ಹೋದ ಸುಕನ್ಯಾ ಹಿಂತಿರುಗದೆ ನಿಂತಳು.

"ಮುಂದಿನ ಐತ್ವಾರ ನಮ್ಮವ್ವ ಮನ್ಯಾಗ ಇರ್ತಾಳ್ರಿ. ಇಟ್ಟಿಗಿಗೆ ಹತ್ತೂವರಿಗೆ ಬಸ್ಸೈತಿ."

"ಬಂದು ಏನಂತ ಹೇಳಲಿ?"

"ನಿಮ್ಮ ಮನಸಿನಾಗ ಇದ್ದದ್ದು ಇದ್ದಂಗ ಹೇಳ್ರಿ. ನಾ ಪಕ್ಕದಾಗ ಇರ್ತೀನಿ."

ಹೊರಗೆ ಕೊಟ್ರಮ್ಮ ಹದಿನೆಂಟನೆಯವರನ್ನು ಕೂಗಿದಳು. ಕ್ರಾಂತಿ ಇನ್ನೂ ಮಾಸ್ಕ್ ಹಾಕಿಕೊಂಡಿರಲಿಲ್ಲ.