ಹಿಂಬಾಗಿಲ ಚಮಚ

ಒಲೆ ತಣ್ಣಗಿತ್ತು.

ಪುಡಿಂಗ್ ಅಂಗಡಿಯ ಹಿಂಬಾಗಿಲಿನಿಂದ ಅಡುಗೆಮನೆಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಅದೇ. ಬೆಳಗಿನ ಈ ಹೊತ್ತಿಗೆ ಹಾಲು ಕುದಿಯುತ್ತಿರಬೇಕು. ಸುಟ್ಟ ಸಕ್ಕರೆಯ ಘಮ ಓಣಿಯ ತಿರುವಿನವರೆಗೂ ಬಂದಿರಬೇಕು. ಇಂದು ದೊಡ್ಡ ಪಾತ್ರೆ ತೊಳೆದಿಟ್ಟಂತೆಯೇ ಬೋರಲು ಬಿದ್ದಿತ್ತು.

ಪುಡಿಂಗ್ ಅಮ್ಮ ಎಲ್ಲಿ?

ಅವಳು ಓಣಿ ಸುತ್ತಿ ಅಂಗಡಿಯ ಮುಂದಕ್ಕೆ ಓಡಿದಳು. ಷಟರ್ ಅರ್ಧಕ್ಕೆ ಇಳಿದಿತ್ತು. ನಾಲ್ಕಾರು ಜನ ತಲೆ ತಗ್ಗಿಸಿ ನಿಂತಿದ್ದರು. ಪಕ್ಕದ ಬ್ರೆಡ್ ಅಂಗಡಿಯ ಚಿಕ್ಕಮ್ಮ, ಓಣಿಗೆಲ್ಲ ಪುಡಿಂಗ್ ಅಮ್ಮ ಎನಿಸಿಕೊಂಡಿದ್ದವಳ ಒಡಹುಟ್ಟಿದ ತಂಗಿ, ಹಿಟ್ಟು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡಿದ್ದಳು.

"ಹೋಗ್ಬಿಟ್ಳು ಕಣೇ... ನಿದ್ದೆಯಲ್ಲೇ ಹೋಗ್ಬಿಟ್ಳು!"

ಅಷ್ಟರಲ್ಲಿ ಪುಡಿಂಗ್ ಅಮ್ಮನ ಒಬ್ಬನೇ ಮಗ ತಲೆಯೆತ್ತಿ ಅವಳನ್ನು ನೋಡಿದ. ಅಳು ಬತ್ತಿ ಕೆಂಪಾದ ಕಣ್ಣು.

"ಈಗ ಬಂದ್ರಾ?" ಅವನ ದನಿ ತಣ್ಣಗೆ ಕೊರೆಯುವಂತಿತ್ತು. "ಊರಲ್ಲಿರೋ ಅಂಗಡಿಗಳಿಗೆಲ್ಲ ಬರೆದ್ರಿ. ನಮ್ಮಮ್ಮನಿಗೆ ಒಂದು ಸಾಲು ಬರೆಯೋಕೆ ನಿಮ್ಮ ಕೈಯಲ್ಲಿ ಆಗ್ಲಿಲ್ಲ. ಅದನ್ನೇ ಕಾಯ್ತಾ ಹೋದ್ಲು ನಮ್ಮಮ್ಮ."

ಉತ್ತರ ಗಂಟಲಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು.

ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಊರಿನ ಸಣ್ಣ ಸಣ್ಣ ತಿಂಡಿ ಮನೆಗಳ ಬಗ್ಗೆ ಬರೆಯುವುದು ಅವಳ ಕೆಲಸ. ಮಹಡಿ ಮೆಟ್ಟಿಲ ಕೆಳಗಿನ ಐಸ್‌ಕ್ರೀಂ ಅಂಗಡಿ, ಕಾಲು ಮುರಿದ ಮೇಜಿಗೆ ಇಟ್ಟಿಗೆ ಕೊಟ್ಟಿದ್ದ ಕಾಫಿ ಅಂಗಡಿ, ಇಬ್ಬರು ಕೂತರೆ ಮೂರನೆಯವರು ಹೊರಗೇ ನಿಲ್ಲಬೇಕಾದ ಸೂಪ್ ಅಂಗಡಿ... ಅರ್ಧ ಊರನ್ನು ಅವಳಿಗೆ ತೋರಿಸಿದವನು ಪುಡಿಂಗ್ ಅಮ್ಮನ ಈ ಮಗನೇ. ಸಂಜೆ ಕೌಂಟರಿನ ಕೆಲಸ ಮುಗಿಸಿ, "ಬನ್ನಿ, ಇವತ್ತು ಒಂದು ಗಲ್ಲಿ ಇದೆ. ನಿಮ್ಮ ಪತ್ರಿಕೆಯೋರ ಅಪ್ಪನಿಗೂ ಗೊತ್ತಿಲ್ಲ!" ಎನ್ನುತ್ತಿದ್ದ. ಒಂದೇ ತಟ್ಟೆಯ ಕೇಕಿನ ಕೊನೆಯ ತುಂಡಿಗೆ ಇಬ್ಬರೂ ಜಗಳವಾಡಿದ್ದರು. ಜಗಳದ ನಡುವೆ ಎಲ್ಲೋ ಮನಸ್ಸು ಜಾರಿತ್ತು. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಅಷ್ಟೆ.

ಅಂಥವನು ಒಮ್ಮೆ ಸಂಕೋಚದಿಂದಲೇ ಕೇಳಿದ್ದ. "ನಮ್ಮ ಅಂಗಡಿ ಬಗ್ಗೆ ಬರೀರಿ. ಅಮ್ಮನಿಗೆ ಖುಷಿಯಾಗತ್ತೆ."

"ಅದೊಂದು ಕೇಳ್ಬೇಡಿ" ಎಂದಿದ್ದಳು.

ಏಕೆ ಎಂದು ಹೇಳುವಂತಿರಲಿಲ್ಲ. ದೊಡ್ಡ ಜ್ವರವೊಂದು ಬಂದು ಹೋದ ಮೇಲೆ ಪುಡಿಂಗ್ ಅಮ್ಮನ ನಾಲಿಗೆಗೆ ರುಚಿ ಮರಳಲೇ ಇಲ್ಲ. ಸಿಹಿಯೂ ಒಂದೇ, ಕಹಿಯೂ ಒಂದೇ. ಅದನ್ನು ಕಂಡುಹಿಡಿದವಳು ಇವಳು ಒಬ್ಬಳೇ.

"ನನ್ನ ಮಗನಿಗೆ ಮಾತ್ರ ಹೇಳ್ಬೇಡ ಕಣೇ ಇಲಿಮರಿ," ಅಮ್ಮ ಅವಳ ಕೈ ಹಿಡಿದುಕೊಂಡಿದ್ದಳು. "ಗೊತ್ತಾದ್ರೆ ನನ್ನನ್ನ ಒಲೆ ಹತ್ರ ಬಿಡಲ್ಲ ಅವನು. ಮೂಲೇಲಿ ಕೂರಿಸಿ ಮಾತ್ರೆ ಎಣಿಸ್ತಾನೆ. ಒಲೆ ಬಿಟ್ಟು ನಾನು ಬದುಕ್ತೀನಾ? ನೀನು ಬೆಳಿಗ್ಗೆ ಹಿಂದಿನ ಬಾಗ್ಲಿಂದ ಬಾ. ನನಗೆ ನಾಲಿಗೆ ಆಗು."

ಅವಳು ಮಾತು ಕೊಟ್ಟಳು. ಅಂದಿನಿಂದ ಅವಳೇ ಆ ಅಡುಗೆಮನೆಯ ನಾಲಿಗೆ. ಗೋಡೆಯಾಚೆ ಮಗ ಕುರ್ಚಿ ಜೋಡಿಸುತ್ತಿರುವಾಗ ಮಾತಾಡುವಂತಿರಲಿಲ್ಲ. ಅಮ್ಮ ತಿರುಗಿಯೂ ನೋಡದೆ ಚಮಚವನ್ನು ಹಿಂದಕ್ಕೆ ಚಾಚುವಳು. ಇವಳು ರುಚಿ ನೋಡಿ ಅದೇ ಚಮಚದಿಂದ ಕಟ್ಟೆಗೆ ಬಡಿಯುವಳು. ಒಂದು ಸಲ ಬಡಿದರೆ ಸಿಹಿ ಸಾಲದು, ಎರಡು ಸಲ ಬಡಿದರೆ ಇಳಿಸಬಹುದು. ತಾನೇ ಹದ ಹೇಳಿದ ತಿನಿಸನ್ನು ತಾನೇ ಪತ್ರಿಕೆಯಲ್ಲಿ ಹೊಗಳಿದರೆ ಓದುಗರಿಗೆ ಮೋಸ. ಹೊಗಳದಿದ್ದರೆ ಅವನಿಗೆ ನೋವು.

ಈಗ ಆ ಮಾತು ಪಡೆದವಳೇ ಇಲ್ಲ. ಮಾತು ಮುರಿದರೆ ಅವನು ಸಿಗಬಹುದು... ಆದರೆ ಸತ್ತವರಿಗೆ ಕೊಟ್ಟ ಮಾತನ್ನು ಮುರಿದು ಪಡೆದ ಪ್ರೀತಿ ಏಳಿಗೆಯಾದೀತೇ?

ಅವಳು ತಲೆ ತಗ್ಗಿಸಿ ಹಿಂದಿರುಗಿದಳು.

ಮತ್ತೆ ಆ ಓಣಿಗೆ ಕರೆದವಳು ಚಿಕ್ಕಮ್ಮ. ಅಕ್ಕನ ನೆನಪಿಗೆ ಓಣಿಯವರೆಲ್ಲ ಸೇರುವ ದಿನ. ಎಲ್ಲರಿಗೂ ಅಮ್ಮನ ಪುಡಿಂಗನ್ನೇ ಕೊಡಬೇಕೆಂದು ಮಗನ ಹಟ.

"ಇವನು ಮಾಡಿರೋದು ತಿಂದ್ರೆ ನನ್ನಕ್ಕ ಮೇಲಿಂದ ಇಳಿದು ಬಂದು ಕಿವಿ ಹಿಂಡ್ತಾಳೆ!" ಎಂದಳು ಚಿಕ್ಕಮ್ಮ. "ನೀನು ಊರೆಲ್ಲ ತಿಂದಿರೋ ಬಾಯಿ. ಸ್ವಲ್ಪ ನೋಡಮ್ಮ."

"ಅವರು ಬೇಡ ಚಿಕ್ಕಮ್ಮ," ಒಲೆಯ ಮುಂದಿನಿಂದ ಅವನು ಗಡಸಾಗಿ ಹೇಳಿದ.

"ಸುಮ್ನಿರೋ! ಜನ ಬರೋ ಹೊತ್ತಾಯ್ತು. ಕೋಪಾನ ಬಡಿಸ್ತೀಯಾ ಅವರಿಗೆ?"

ಚಿಕ್ಕಮ್ಮ ಹೊರಗೆ ಹೋದಳು. ಅಡುಗೆಮನೆಯಲ್ಲಿ ಇಬ್ಬರೇ. ಹಾಲು ಕುದಿಯುವ ಸದ್ದು. ಅವನ ಬೆನ್ನು ಗೋಡೆಯಂತೆ ನಿಂತಿತ್ತು. ಹೊರಟುಬಿಡಲೇ ಎಂದು ಅವಳು ಬಾಗಿಲತ್ತ ನೋಡಿದಳು.

ಅವಳ ಮುಖ ನೋಡಲು ಮನಸ್ಸಿಲ್ಲದೆಯೋ ಏನೋ, ಅವನು ತಿರುಗದೆಯೇ ಚಮಚವನ್ನು ಹಿಂದಕ್ಕೆ ಚಾಚಿದ.

ತಾಯಿಯ ಕೈಯೇ!

ಅವಳ ಕಣ್ಣು ಮಂಜಾಯಿತು. ರುಚಿ ನೋಡಿದಳು. ತಾನೇನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಕೈ ತನ್ನ ಕೆಲಸ ಮಾಡಿತು.

ಟಕ್.

ಅವನ ಸೌಟು ನಿಂತಿತು.

"...ಏನದು?"

"ಏ... ಏನಿಲ್ಲ. ಸಿಹಿ ಸಾಲದು."

ಅವನು ಮೆಲ್ಲನೆ ತಿರುಗಿದ. "ಈ ಸದ್ದು ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಕೇಳ್ತಿದ್ದೆ ನಾನು. ಅದೇನಮ್ಮ ಅಂದ್ರೆ ಚಮಚ ಕೊಡವ್ತಿದ್ದೆ ಅಂತಿದ್ಲು. ಅದು... ನೀವಾ?"

ಅವಳು ಚಮಚವನ್ನು ಕಟ್ಟೆಯ ಮೇಲಿಟ್ಟಳು. ಕಣ್ಣೀರು ತಡೆಯಲಾಗಲಿಲ್ಲ.

ಅವನು ಗೋಡೆಗೆ ಒರಗಿದ. ಒಂದೊಂದಾಗಿ ಹೊಳೆಯಿತು. ಜ್ವರದ ನಂತರ ಅಮ್ಮ ಊಟದಲ್ಲಿ ಉಪ್ಪಿಲ್ಲದಿದ್ದರೂ ಕೇಳದೆ ಉಂಡದ್ದು. ಒಂದು ವಾರ ಇವಳು ಊರಲ್ಲಿಲ್ಲದಾಗ ಅಮ್ಮ ಕೈ ನೋವೆಂದು ಒಲೆಯನ್ನೇ ಹಚ್ಚದೆ ಇದ್ದದ್ದು.

"ಅಮ್ಮನಿಗೆ ರುಚಿ ಗೊತ್ತಾಗ್ತಿರ್ಲಿಲ್ಲ... ಅಲ್ವಾ?"

"ನಾನು ಹೇಳಿಲ್ಲ. ನೀವೇ ತಿಳ್ಕೊಂಡ್ರಿ," ಅವಳು ಬಿಕ್ಕಿದಳು. "ಮಾತು ಕೊಟ್ಟಿದ್ದೆ."

"ಅವತ್ತು ಅಷ್ಟು ಜನರ ಮುಂದೆ ಅಂದೆ ನಾನು! ಆಗಲೂ ಬಾಯಿಬಿಡ್ಲಿಲ್ಲವಲ್ಲ ನೀವು!"

"ನಿಮಗೆ ನನ್ನ ಮೇಲೆ ಕೋಪ ಇದ್ರೂ ಪರ್ವಾಗಿಲ್ಲ. ಅಮ್ಮನ ಕೈಗುಣದ ಮೇಲೆ ಅನುಮಾನ ಬರಬಾರದು ಅಂತ..."

ಅವನು ಸಕ್ಕರೆ ಬೆರೆಸಿ ಚಮಚ ಚಾಚಿದ. ಈ ಸಲ ಎದುರಿಗೇ ನಿಂತು.

"ನಮ್ಮ ಅಂಗಡಿ ಬಗ್ಗೆ ಎಂದೂ ಬರೀಬೇಡಿ. ಆದ್ರೆ ದಿನಾ ಬನ್ನಿ... ಮುಂಬಾಗಿಲಿಂದ ಬನ್ನಿ. ಈ ಮನೆಯವಳಾಗಿ. ಬರ್ತೀರಾ?"

ಅವಳು ರುಚಿ ನೋಡಿದಳು.

ಟಕ್... ಟಕ್.

ಅವನು ಅಳುತ್ತಲೇ ನಕ್ಕ. ಪಾತ್ರೆ ಇಳಿಸಿದ.

ಮೊದಲ ಬಟ್ಟಲನ್ನು ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿಟ್ಟು ಇಬ್ಬರೂ ಕೈಮುಗಿದರು.

"ಪ್ರಾರ್ಥನೆ ನೀವೇ ಹೇಳಿ," ಎಂದ. "ನನಗೆ ಮಾತು ಹೊರಡ್ತಿಲ್ಲ."

ಅವಳು ಕಣ್ಣು ಮುಚ್ಚಿದಳು.

"ದೇವರೇ, ತನಗೆ ರುಚಿಯಿಲ್ಲದಾಗಲೂ ಊರಿಗೆ ಸಿಹಿ ಉಣಿಸಿದ ಜೀವ ಇದು. ಬೆಂಕಿಯ ಮುಂದೆ ದಣಿದ ಆ ಕೈಗಳಿಗೆ ವಿಶ್ರಾಂತಿ ಕೊಡು. ನಿನ್ನ ನೆರಳಲ್ಲಿ ನಮ್ಮಮ್ಮನ ಆತ್ಮಕ್ಕೆ ಶಾಂತಿ ಸಿಗಲಿ."